ಹಿತ್ತಾಳೆಯ ಒಳಲೆ

ಅಡವಯ್ಯ ಎಂಬ ಶಿಷ್ಯ ಗುರುವಿನ ಎದುರು ಕುಳಿತು ಕೇಳಿದ: “ಮೂರು ದಿನ ಉಪವಾಸವಿದ್ದರೆ ಮನಸ್ಸು ತಿಳಿಯಾಗುತ್ತದೆ ಎಂದು ತಾವು ನನಗೆ ಹೇಳಿದಿರಿ. ಹಾಗೆಯೇ ಆಯಿತು. ಮಗನನ್ನು ಕಳೆದುಕೊಂಡ ಕಮ್ಮಾರನೊಬ್ಬ ಸಮಾಧಾನ ಕೇಳಿಕೊಂಡು ಬಂದ. ಅವನಿಗೂ ಅದೇ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಮೂರನೆಯ ದಿನ ಅವನು ಕುಲುಮೆಯ ಮುಂದೆ ಎಚ್ಚರ ತಪ್ಪಿ ಬಿದ್ದನಂತೆ. ಇದರಲ್ಲಿ ನನ್ನ ತಪ್ಪೇನು?”

ಗುರು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಐದು ತಿಂಗಳ ಮಗಳಿಗೆ ಕೆಮ್ಮು ಹಿಡಿಯಿತು. ನೇಕಾರ ಎರಡು ಹರದಾರಿ ನಡೆದು, ಮದ್ದು ಕೊಡುವ ಮುದುಕಿಯೊಬ್ಬಳ ಬಳಿಗೆ ಹೋದ. ಆಕೆ ಒಂದು ಕುಡಿಕೆಯಲ್ಲಿ ಕಷಾಯ ತುಂಬಿಕೊಟ್ಟು, “ಬೆಳಿಗ್ಗೆ ಒಂದು ಒಳಲೆ, ಸಂಜೆ ಒಂದು ಒಳಲೆ ಕುಡಿಸು” ಎಂದಳು. ಮರೆತೀತೆಂದು ನೇಕಾರ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತ ಮನೆಗೆ ಬಂದ.

ಮಗುವಿಗೆ ಮದ್ದು ಹಾಕಲು ಅವನ ಮನೆಯಲ್ಲಿದ್ದದ್ದು ಹೆಂಡತಿಯ ತವರಿನವರು ಕೊಟ್ಟ, ಕುಡಿಸಲು ಮೂತಿಯಿರುವ ಹಿತ್ತಾಳೆಯ ಒಳಲೆ. ಮರುದಿನ ಬೆಳಿಗ್ಗೆ ಅದರ ತುಂಬ ಕುಡಿಸಿದರು. ಕೆಮ್ಮು ನಿಂತು ಮಗು ನಿದ್ದೆಹೋಯಿತು. ಮಧ್ಯಾಹ್ನವಾದರೂ ಏಳಲಿಲ್ಲ. ಎದೆಗೆ ಹಚ್ಚಿಕೊಂಡರೂ ಬಾಯಿ ತೆರೆಯಲಿಲ್ಲ.

“ಎಷ್ಟು ಕೊಡಲು ಹೇಳಿದಳು?” ಎಂದು ಹೆಂಡತಿ ಕೇಳಿದಳು.

“ಒಂದು ಒಳಲೆ. ಒಂದು ಹನಿಯೂ ಹೆಚ್ಚು ಹಾಕಲಿಲ್ಲ.”

“ಅವಳ ಒಳಲೆ ಎಷ್ಟಿದೆ, ನೋಡಿದಿರಾ?”

ನೇಕಾರ ನೋಡಿರಲಿಲ್ಲ. ಹಿತ್ತಾಳೆಯ ಒಳಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದ.

ನಡೆದದ್ದನ್ನು ಕೇಳಿದ ಮುದುಕಿ ಒಳಗಿನಿಂದ ತನ್ನ ಒಳಲೆ ತಂದಳು. ಅದು ಚಿಪ್ಪಿನದು, ತೀರ ಚಿಕ್ಕದು. ಅದರಲ್ಲಿ ನೀರು ತುಂಬಿ ಹಿತ್ತಾಳೆಯದಕ್ಕೆ ಸುರಿದಳು. ಒಂದು ಹಿಡಿಸಿತು, ಎರಡು ಹಿಡಿಸಿತು, ಮೂರೂ ಹಿಡಿಸಿತು. ನಾಲ್ಕನೆಯದಕ್ಕೆ ನೀರು ಅಂಚಿಗೆ ಬಂತು.

“ನಿಮ್ಮ ಒಂದು ನನ್ನ ನಾಲ್ಕು. ಎರಡು ದಿನದ ಮದ್ದು ಒಂದೇ ಸಲಕ್ಕೆ ಹೋಗಿದೆ.”

“ನೀನು ಒಳಲೆ ಎಂದೆ. ನಾನು ಒಳಲೆಯಲ್ಲೇ ಕೊಟ್ಟೆ,” ಎಂದ ನೇಕಾರ.

ಮುದುಕಿ ಬೇಯುತ್ತಿದ್ದ ಅನ್ನವನ್ನು ಒಲೆಯಿಂದ ಇಳಿಸಿ, ಬಾಗಿಲು ಕೂಡ ಮುಚ್ಚದೆ, ಅವನಿಗಿಂತ ಮುಂದಾಗಿ ಅವನ ಊರಿನ ದಾರಿ ಹಿಡಿದಳು.

ಗುರು ಅಲ್ಲಿಗೆ ನಿಲ್ಲಿಸಿದರು.

ಅಡವಯ್ಯ, “ಹಾಗಾದರೆ ತಪ್ಪು ಮುದುಕಿಯದೇ. ಅಳತೆ ತೋರಿಸಿ ಕೊಡಬೇಕಿತ್ತು,” ಎಂದ.

ಗುರು ಹೇಳಿದರು: “ಮಗು ಬದುಕಿತು. ಬದುಕಿತೇ ಎಂದು ನೀನು ಕೇಳಲಿಲ್ಲ.”