ಜಟ್ಟಿ ಅಂಬಿಗನ ಚಿಪ್ಪಿನ ಕುರ್ವೆ

ನಮ್ಮ ಅಜ್ಜನ ಅಜ್ಜನಿಗೂ ಹಿಂದಿನ ಮಾತು ಇದು. ಹೊಳೆ ಸಮುದ್ರ ಸೇರುವಲ್ಲಿ ಒಂದೂರು. ಊರಿನೆದುರು ನೀರ ನಡುವೆ ಒಂದು ಕುರ್ವೆ, ಅಂದ್ರೆ ಮರಳಿನ ದಿಬ್ಬ. ಅದರ ಮೈತುಂಬ ಬಿಳೀ ಚಿಪ್ಪು, ಹಾಲು ಚೆಲ್ಲಿದ ಹಾಗೆ ಕಾಣ್ತಿತ್ತಂತೆ. ಅದನ್ನ ನೋಡಲಿಕ್ಕೆ ಘಟ್ಟದ ಮೇಲಿಂದೆಲ್ಲ ಜನ ಬರ್ತಿದ್ರಂತೆ. ಬಂದವರಿಗೆ ಊರವರು ಗಂಜಿ, ಮೀನು ಸಾರು ಬಡಿಸ್ತಿದ್ರು, ಜಗಲಿಯಲ್ಲಿ ಚಾಪೆ ಹಾಸಿ ಕೊಡ್ತಿದ್ರು. ಹಾಗಾಗಿ ಮೀನು ಸಿಗದ ಮಳೆಗಾಲಕ್ಕೂ ಊರಿನ ಒಲೆ ಆರ್ತಿರಲಿಲ್ಲ.

ಆ ಜನರನ್ನ ದಾಟಿಸ್ತಿದ್ದವ ಜಟ್ಟಿ ಅಂಬಿಗ. ಭಾರೀ ಹಟದ ಮನುಷ್ಯ. ಸಮುದ್ರದ ನೀರು ಏರುವ ಒಂದು ಭರತಕ್ಕೆ ಒಂದೇ ದೋಣಿ, ಹೆಚ್ಚಿಗೆ ಒಬ್ಬರನ್ನೂ ಹತ್ತಿಸೂದಿಲ್ಲ. ತಿರುಗಿ ಹೊರಡುವಾಗ ಎಲ್ಲರೂ ಮಡಿಲು ಕೊಡವಿಯೇ ದೋಣಿ ಹತ್ತಬೇಕು. ಚಿಪ್ಪು ಹೋದ್ರೆ ಮರಳು ನಿಲ್ಲೂದಿಲ್ಲ, ಮರಳು ಹೋದ್ರೆ ಅಲೆ ಸೀದಾ ನಮ್ಮ ಅಂಗಳಕ್ಕೆ ಬರ್ತದೆ ಅಂತಿದ್ನಂತೆ. ಒಮ್ಮೆ ಯಾರೋ ಪಾಳೇಗಾರನ ಹೆಂಡತಿ ತುರುಬಿನಲ್ಲಿ ಒಂದು ಚಿಪ್ಪು ಬಚ್ಚಿಟ್ಲಂತೆ. ದೋಣಿ ಕದಲಲೇ ಇಲ್ಲಂತೆ. ಹೇಗೆ ಕದಲೀತು ಮಾರಾಯ್ರೆ, ಜಟ್ಟಿ ಹುಟ್ಟು ಕೆಳಗಿಟ್ಟು ಎಲೆ ಅಡಿಕೆಯ ಕವಳ ಹಾಕ್ತಾ ಕೂತಿದ್ದ. “ಯಾರ ಹತ್ರವೋ ನಮ್ಮೂರು ಉಳಿದಿದೆ, ಇಳಿಸಿ” ಅಂದನಂತೆ. ಅವಳು ತುರುಬು ಬಿಚ್ಚಿದ ಮೇಲೇ ದೋಣಿ ಹೊರಟಿದ್ದು.

ಬರಬರ್ತಾ ಬರುವವರು ಹೆಚ್ಚಾದ್ರು. ದಡದಲ್ಲಿ ಕಾಯುವವರೂ ಹೆಚ್ಚಾದ್ರು. ಜಟ್ಟಿಯ ತಮ್ಮ ಗೋಯ್ದನಿಗೆ ಇದು ಸರಿ ಕಾಣಲಿಲ್ಲ. ಬಾಗಿಲಿಗೆ ಬಂದ ಲಕ್ಷ್ಮಿಯನ್ನ ಅಣ್ಣ ಒದೀತಿದ್ದಾನೆ ಅಂತ ಅವನೂ ದೋಣಿ ಇಳಿಸಿದ. ಅವನನ್ನ ನೋಡಿ ಉಳಿದವರೂ ಇಳಿಸಿದ್ರು. ಮಡಿಲು ಕೊಡವೂದು ಹಾಗಿರಲಿ, ಊರವರೇ ಚಿಪ್ಪನ್ನ ಬುಟ್ಟಿಗಟ್ಟಲೆ ತಂದು ದಡದಲ್ಲಿ ಮಾರಿದ್ರಂತೆ. ಸೋಗೆ ಮನೆಗೆ ಹೆಂಚು ಬಂತು, ಹೆಂಗಸರ ಕೊರಳಿಗೆ ಚಿನ್ನ ಬಂತು. ಜಟ್ಟಿ ಮನೆಮನೆಗೆ ಹೋಗಿ ಬೇಡಿಕೊಂಡ. ನಿನಗೆ ಹೊಟ್ಟೆಕಿಚ್ಚು, ಸುಮ್ಮನೆ ಮೂಲೆ ಸೇರು ಅಂದ್ರಂತೆ. ಮೊದಲು ಹಾಗಂದವ ಮತ್ಯಾರೂ ಅಲ್ಲ, ಗೋಯ್ದನೇ.

ಆ ಮಾತು ಜಟ್ಟಿಗೆ ತಾಗ್ತು. ಒಬ್ಬನೇ ಕುರ್ವೆಗೆ ಹೋಗಿ ಗುಡಿಸಲು ಹಾಕಿದ. ಬೇರೆ ಬೇರೆ ದಡಗಳಿಂದ ಚಿಪ್ಪು ಹೆಕ್ಕಿ ತಂದು ಅಲ್ಲಿ ಸುರೀತಿದ್ನಂತೆ. ಅವ ಸುರಿಯೂದು, ಊರವರು ಬಾಚೂದು. ಒಬ್ಬ ಮುದುಕ ಎಷ್ಟಂತ ಸುರಿದಾನು, ಪಾಪ.

ಆ ಮಳೆಗಾಲ ಕುರ್ವೆಯನ್ನ ತೊಳೆದುಕೊಂಡು ಹೋಯ್ತು. ಅಲೆ ಬಂದು ಹೆಂಚಿನ ಮನೆಗಳನ್ನೇ ಮೊದಲು ಕೆಡವಿತು, ದಡಕ್ಕೆ ಹತ್ತಿರ ಇದ್ದದ್ದು ಅವೇ ನೋಡಿ. ಸಮುದ್ರ ತಣಿದ ಮೇಲೆ ಗೋಯ್ದ ಅಣ್ಣನನ್ನ ಹುಡುಕಿಕೊಂಡು ಹೋದ. ಕುರ್ವೆ ಇದ್ದಲ್ಲಿ ಬರೀ ನೀರು. ಅಣ್ಣನ ಹುಟ್ಟು ಒಂದು ತೇಲ್ತಿತ್ತಂತೆ. ಗೋಯ್ದ ದೋಣಿಯಲ್ಲಿ ಎದ್ದು ನಿಂತ. ಉಟ್ಟ ಪಂಚೆಯ ಮಡಿಲು ಕೊಡವಿದ. ಕೊಡವಿ ಕೊಡವಿ ಅತ್ತನಂತೆ.

ಆಮೇಲೆ ಊರು ನೋಡಲಿಕ್ಕೆ ಯಾರೂ ಬರಲಿಲ್ಲ. ನೋಡಲಿಕ್ಕೆ ಏನು ಉಳಿದಿತ್ತು?

ಈಗಲೂ ನಮ್ಮವರು ಆ ಜಾಗ ದಾಟುವಾಗ ಹುಟ್ಟು ಎತ್ತಿ ಹಿಡೀತಾರೆ. ಗಂಡಸರು ಪಂಚೆ, ಹೆಂಗಸರು ಸೆರಗು ಕೊಡವ್ತಾರೆ. ಹೊಸದಾಗಿ ಬಂದ ಮದುಮಗಳಿಗೂ ಮೊದಲು ಕಲಿಸೂದು ಇದನ್ನೇ. ಏನೂ ಬೀಳೂದಿಲ್ಲ. ಆದ್ರೂ ಕೊಡವ್ತೇವೆ.