ಕತ್ತಿಯೂ ತಾಳಿಯ ದಾರವೂ

ರಾಜನಿಗೆ ತನ್ನ ಮದುವೆಗೇ ಪುರುಸೊತ್ತಿರಲಿಲ್ಲ. ಮನೆತನದ ಪದ್ಧತಿಯಂತೆ ತನ್ನ ಬದಲು ಕತ್ತಿಯನ್ನು ಪಲ್ಲಕ್ಕಿಯಲ್ಲಿ ಕಳಿಸಿದ. ಸೋತ ನಾಡಿನ ರಾಜಕುಮಾರಿ ಹೊನ್ನಾಜಿ ಒಲ್ಲದ ಮನಸ್ಸಿನಿಂದ ಹಸೆಯ ಮೇಲೆ ಕುಳಿತಳು.

"ಒರೆಯೊಳಗೇ ಇರಿ," ಎಂದು ಪುರೋಹಿತರು ಕತ್ತಿಯನ್ನು ಬೇಡಿಕೊಂಡರು.

"ಮುಖ ಮುಚ್ಚಿಕೊಳ್ಳುವ ಮದುಮಗ ನಾನಲ್ಲ," ಎಂದು ಕತ್ತಿ ಹೊರಗೆ ಬಂತು. ತಾಳಿಯ ದಾರಕ್ಕೆ, "ಕೋಟೆಗಳೇ ನನಗೆ ಮಣಿದಿವೆ. ಇವಳ ಕೊರಳಿಗೆ ಗಂಟಾಗು," ಎಂದು ಅಪ್ಪಣೆ ಕೊಟ್ಟಿತು.

"ಆಗಲಿ, ಕಟ್ಟಿ," ಎಂದಿತು ದಾರ.

ಪುರೋಹಿತರು ಮದುಮಗನ ಕೈಗೆ ಕೊಡುವಂತೆ ದಾರವನ್ನು ಕತ್ತಿಗೆ ಮುಟ್ಟಿಸಿದರು. ಅದು ಎರಡು ತುಂಡಾಯಿತು. ಹೊಸ ದಾರವೂ ತುಂಡಾಯಿತು. ಮೂರನೆಯದೂ ಬಿದ್ದಾಗ ಓಲಗ ನಿಂತಿತು.

"ದ್ರೋಹಿ," ಎಂದಿತು ಕತ್ತಿ.

"ನಾನು ಮಣಿದೇ ಇದ್ದೇನೆ, ಒಡೆಯ. ಗಂಟು ಹಾಕಲು ಕೈ ಬೇಕು. ತಮಗಿರುವುದು ಅಲಗು."

ಹೊನ್ನಾಜಿ ಬಾಸಿಂಗ ಬಿಚ್ಚಿಟ್ಟು ಎದ್ದಳು. ಮೂರು ತಾಳಿ ಹರಿದ ಹಸೆಯ ಮೇಲೆ ಅವಳನ್ನು ಮತ್ತೆ ಕೂರಿಸುವ ಧೈರ್ಯ ಕತ್ತಿಗೂ ಬರಲಿಲ್ಲ.