ನಾಲ್ಕು ಕೂದಲಿನ ಅಳತೆ

"ಕೇಳಿರಿ! ನೆಲಮಾಳಿಗೆಯಲ್ಲಿ ಉಪ್ಪು ಉದುರಿಸಿದ ದೀಪದ ಹಳದಿ ಬೆಳಕು ತಗಡಿನ ಎರಡು ಸೀಳುಗಳನ್ನು ಹಾದು ಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಅದರ ಕುರಿತು ದೊರೆ ಅರಿಮಲ್ಲರು ಕೇಳುವ ಮೂರು ಒಗಟುಗಳನ್ನು ಬಿಡಿಸಿದವನಿಗೆ ಬೇಡಿದ್ದು ಸಿಗುವುದು. ತಪ್ಪಿದವನ ತಲೆ ಹೋಗುವುದು!"

ಡಂಗುರದ ನಂತರ ಅರಮನೆಯ ಕ್ಷೌರಿಕ ಹಾಲಗನಿಗೆ ಕೆಲಸ ಹೆಚ್ಚಿತು. ಕಡಿಯುವ ಮುನ್ನ ತಲೆ ಬೋಳಿಸುವುದು ಅಲ್ಲಿನ ಪದ್ಧತಿ. ಬೆಳಕಿಗೆ ಬೆಳಕು ಕೂಡಿ ಕತ್ತಲೆ ಹುಟ್ಟುವುದೆಲ್ಲಿ ಎಂಬ ಮೊದಲ ಒಗಟಿಗೆ ಒಬ್ಬ ರಾಜಕುಮಾರ "ಕುರುಡನ ಕಣ್ಣಲ್ಲಿ" ಎಂದ. ಹತ್ತಿರವಾದಷ್ಟೂ ದೂರವಾಗುವುದು ಯಾವುದು ಎಂಬ ಎರಡನೆಯದಕ್ಕೆ ಇನ್ನೊಬ್ಬ "ದಿಗಂತ" ಎಂದ. ಇಬ್ಬರ ಕೂದಲನ್ನೂ ಹಾಲಗನೇ ಗುಡಿಸಿದ.

ಮೊದಲೆರಡನ್ನು ಬಿಡಿಸಿ ಮೂರನೆಯದರಲ್ಲಿ ಸೋತವನು ಅವನ ಸ್ವಂತ ತಮ್ಮ, ದೀಪದ ಊಳಿಗದ ಬೊಮ್ಮ. ತಗಡು ಮುಟ್ಟದೆ, ಸೀಳುಗಳ ನಡುವಿನ ಅಂತರ ಎಷ್ಟು ಕೂದಲಿನಷ್ಟು ಎಂದು ಹೇಳಬೇಕಿತ್ತು. "ಒಂದು" ಎಂದಿದ್ದ.

ಅರ್ಧ ತಲೆ ಬೋಳಾಗುವಷ್ಟರಲ್ಲಿ ಹಾಲಗನ ಕತ್ತಿ ಜಾರಿತು.

"ನಿಧಾನ ಅಣ್ಣಾ, ಗಾಯ ಆಗುತ್ತೆ."

"ನಾಳೆ ಕುತ್ತಿಗೇನೇ ಇರಲ್ಲ, ಗಾಯದ ಚಿಂತೆ ನಿನಗೆ! ಒಂದು ಅಂತ ಯಾಕೆ ಹೇಳಿದೆಯೋ?"

"ಹೋಲಿಸಿ ನೋಡೋಕೆ ಏನೂ ಇರಲಿಲ್ಲ. ಊಹಿಸಿಬಿಟ್ಟೆ."

ಹಾಲಗ ಕತ್ತಿ ಕೆಳಗಿಟ್ಟ. ಬಿದ್ದ ಕೂದಲಿನಿಂದ ನಾಲ್ಕನ್ನು ಆರಿಸಿ, ಮಸಿ ಹಿಡಿದ, ಗಾಜಿನಂಥ ಅಭ್ರಕದ ತುಣುಕಿನ ಮೇಲೆ ಒತ್ತೊತ್ತಾಗಿ ಇಟ್ಟು, ಅವುಗಳ ಎರಡೂ ಬದಿಗೆ ಬೆಳಕು ಹಾಯುವಂತೆ ಕತ್ತಿಯ ಮೊನೆಯಿಂದ ಮಸಿ ಗೀರಿದ. ಅದನ್ನೂ ಕ್ಷೌರದ ಬಟ್ಟಲನ್ನೂ ಹಿಡಿದು ನೆಲಮಾಳಿಗೆಯಲ್ಲಿ ದೊರೆಯ ಮುಂದೆ ನಿಂತ.

"ಬೋಳಿಸುವವನನ್ನು ಬೋಳಿಸುವವರು ಯಾರಪ್ಪ?" ಎಂದು ದೊರೆ ನಕ್ಕ. "ಹೇಳು, ಕತ್ತಲೆ ಹುಟ್ಟುವುದೆಲ್ಲಿ?"

ಹಾಲಗ ಕ್ಷೌರದ ಬಟ್ಟಲಿನ ನೀರಿಗೆ ಎರಡು ಬೆರಳು ತಾಗಿಸಿದ. "ಒಂದು ಅಲೆಯ ಏರಿಗೆ ಇನ್ನೊಂದರ ಇಳಿತ ಸಿಕ್ಕಲ್ಲಿ ನೀರು ಸುಮ್ಮನಾಗುತ್ತದೆ, ಮಹಾಸ್ವಾಮಿ. ಬೆಳಕೂ ಹಾಗೆಯೇ. ಗೋಡೆಯ ಕಪ್ಪು ಪಟ್ಟೆ ಅದೇ."

"ಹತ್ತಿರವಾದಷ್ಟೂ ದೂರವಾಗುವುದು?"

"ಸೀಳುಗಳು ಹತ್ತಿರವಾದಷ್ಟೂ ಪಟ್ಟೆಗಳು ದೂರವಾಗುತ್ತವೆ."

"ಸೀಳುಗಳ ಅಂತರ ಎಷ್ಟು ಕೂದಲು?"

ಅವನು ತಗಡಿನ ಪಕ್ಕದಲ್ಲೇ ಅಭ್ರಕವನ್ನು ಹಿಡಿದ. "ದೀಪ ಅದೇ, ಗೋಡೆಯ ದೂರವೂ ಅದೇ. ನನ್ನ ನಾಲ್ಕು ಕೂದಲಿಗೆ ಪಟ್ಟೆಯಿಂದ ಪಟ್ಟೆಗೆ ಒಂದು ಬೆರಳು, ತಗಡಿನದಕ್ಕೆ ಎರಡು. ಪಟ್ಟೆಗಳ ಅಂತರ ಇಮ್ಮಡಿಯಾದರೆ ಸೀಳುಗಳದ್ದು ಅರ್ಧ. ಎರಡು ಕೂದಲು."

ತಗಡು ಗೀರಿದ್ದ ಅಕ್ಕಸಾಲಿ ತಲೆ ತಗ್ಗಿಸಿ ಹೌದೆಂದ.

"ಏನು ಬೇಕು, ಕೇಳು."

"ತಮ್ಮ," ಎಂದ ಹಾಲಗ.

"ನಮ್ಮ ಏನು? ಸಿಂಹಾಸನವೇ, ಮಗಳೇ?"

"ಅಲ್ಲ ಮಹಾಸ್ವಾಮಿ. ನನ್ನ ತಮ್ಮ."

ಅರ್ಧ ರಾಜ್ಯವೂ ಸಿಕ್ಕಿತೆಂದು ಹೇಳುವವರಿದ್ದಾರೆ. ಅದು ಆಮೇಲೆ ಸೇರಿದ್ದಿರಬೇಕು. ಅರ್ಧ ತಲೆ ಬೋಳಾದವನೊಬ್ಬ ಅಣ್ಣನ ಕೈ ಹಿಡಿದು ಕೋಟೆಯ ಬಾಗಿಲು ದಾಟಿದ ಎಂಬುದನ್ನು ಮಾತ್ರ ನಂಬಬಹುದು. ಅವರ ಬೆನ್ನ ಹಿಂದೆ ಡಂಗುರ ಮತ್ತೆ ಮೊಳಗುತ್ತಿತ್ತು: ಅರಮನೆಗೆ ಹೊಸ ಕ್ಷೌರಿಕ ಬೇಕಾಗಿದ್ದಾನೆ.